ಫೋನಲ್ಲಿ ಓದೋರಿಗೆ ಬರೆಯೋದು ಹೇಗೆ: ಒಂದು ಪಹಣಿ ಲೇಖನ ಕೆಡಿಸಿ ಕಲಿತದ್ದು

ಆನ್‌ಲೈನಲ್ಲಿ ಪಹಣಿ, ಅಂದ್ರೆ ಜಮೀನಿನ ದಾಖಲೆ, ತೆಗೆಯೋದು ಹೇಗೆ ಅಂತ ಹಿಂದೆ ಒಂದು ಲೇಖನ ಬರ್ದಿದ್ದೆ. ಶಾನುಭೋಗರ ಕಾಲದಿಂದ ಶುರು ಮಾಡಿ, ಭೂಮಿ ಯೋಜನೇಲಿ 176 ತಾಲ್ಲೂಕಿನ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿದ ಕಥೆ ಎಲ್ಲಾ ಹಾಕಿ, ನಾನೇ ಮೂರು ಸಲ ಓದ್ಕೊಂಡು ಖುಷಿಪಟ್ಟು ಚಿಕ್ಕಪ್ಪನಿಗೂ ಕಳಿಸ್ದೆ. ಅರ್ಧ ಗಂಟೆಗೆ ಫೋನು. "ಲೋ, ನೀನ್ ಬರ್ದಿದ್ದು ಚೆನ್ನಾಗೈತೆ ಕಣೋ, ಆದ್ರೆ ಸರ್ವೆ ನಂಬರ್ ಹಾಕಿದ್ಮೇಲೆ ಅದೇನೋ ಸರ್ನಾಕ್ ಅಂತ ಕೇಳ್ತದಲ್ಲ, ಅಲ್ಲೇನ್ ಹಾಕ್ಲಿ?"

ಅದು ಲೇಖನದಲ್ಲಿ ಇತ್ತು, ಏಳನೇ ಪ್ಯಾರಾದಲ್ಲಿ. ಅಲ್ಲೀತನಕ ಅವರು ಹೋಗೇ ಇರ್ಲಿಲ್ಲ.

ಇದರಲ್ಲಿ ಚಿಕ್ಕಪ್ಪನ ತಪ್ಪೇನಿಲ್ಲ. ಜನ ವೆಬ್ ಹೇಗೆ ಬಳಸ್ತಾರೆ ಅಂತ ಸಂಶೋಧನೆ ಮಾಡೋ ಜೇಕಬ್ ನೀಲ್ಸನ್ ಅನ್ನೋರು 1997ರಲ್ಲೇ ಪರೀಕ್ಷೆ ಮಾಡಿ ಹೇಳಿದ್ರು, ವೆಬ್ ಪುಟ ಸಿಕ್ರೆ ನೂರಕ್ಕೆ 79 ಜನ ಕಣ್ಣಾಡಿಸ್ತಾರೆ ಅಷ್ಟೇ, ಒಂದೊಂದು ಪದಾನೂ ಓದೋರು 16 ಜನ ಅಂತ. ಅದೂ ದೊಡ್ಡ ಪರದೆ ಮುಂದೆ ಕೂತ್ಕೊಂಡಿದ್ದೋರು. ನಮ್ಮ ಓದುಗ ಬಸ್ಸಲ್ಲಿ ಒಂದು ಕೈಲಿ ಕಂಬಿ ಹಿಡ್ಕೊಂಡು ಇನ್ನೊಂದು ಕೈಲಿ ಫೋನ್ ನೋಡ್ತಿರ್ತಾನೆ.

ಹಂಗಾಗಿ ಮೊದಲ್ನೇ ಕೆಲಸ, ಓದೋನು ಯಾವ ಪ್ರಶ್ನೆ ಇಟ್ಕೊಂಡು ಬಂದಿದಾನೋ ಅದರ ಉತ್ತರ ಮೊದಲ ಎರಡು ವಾಕ್ಯದಲ್ಲೇ ಕೊಟ್ಬಿಡಿ. ನನ್ನ ಹಳೇ ಶುರು ಹೀಗಿತ್ತು: "ರೈತರ ಬದುಕಿನಲ್ಲಿ ಭೂದಾಖಲೆಗಳು ಅತ್ಯಂತ ಮಹತ್ವದ ಪಾತ್ರವನ್ನು ವಹಿಸುತ್ತವೆ." ರೈತನಿಗೇ ಇದನ್ನ ಹೇಳ್ಬೇಕಾ? ತಿದ್ದಿದ ಮೇಲೆ: "ಪಹಣಿ ನೋಡಕ್ಕೆ ನಿಮ್ಮ ಹೋಬಳಿ, ಊರು, ಸರ್ವೆ ನಂಬರ್ ಗೊತ್ತಿದ್ರೆ ಸಾಕು. ಸರ್ನಾಕ್ ಅಂತ ಕೇಳಿದ ಕಡೆ ಸಾಮಾನ್ಯವಾಗಿ ನಕ್ಷತ್ರದ ಚಿಹ್ನೆ ಒಂದೇ ಇರತ್ತೆ, ಅದನ್ನೇ ಆರಿಸಿ." ಜನ ಎಲ್ಲಿ ಸಿಕ್ಕಾಕ್ಕೋತಾರೋ ಅದನ್ನ ಮೇಲೆ ತಂದೆ, ಶಾನುಭೋಗರು ಕೊನೇಗೆ ಹೋದ್ರು, ಇಷ್ಟ ಇದ್ದೋರು ಓದ್ಕೋತಾರೆ.

ಎರಡನೇದು ಕನ್ನಡದ್ದೇ ತೊಂದರೆ, ಇದನ್ನ ಇಂಗ್ಲಿಷ್ ಗೈಡ್‌ಗಳು ಹೇಳ್ಕೊಡಲ್ಲ. ನಮ್ಮಲ್ಲಿ ಕ್ರಿಯಾಪದ ಬರೋದು ವಾಕ್ಯದ ಕೊನೇಲಿ. ಕಣ್ಣಾಡಿಸೋನು ಸಾಲಿನ ಶುರು ನೋಡಿ ಕೆಳಗೆ ಜಾರ್ತಾನೆ, ಆದ್ರೆ ಏನು ಮಾಡ್ಬೇಕು ಅನ್ನೋದು ಸಾಲಿನ ಬಾಲದಲ್ಲಿ ಇರತ್ತೆ. "ಜಿಲ್ಲೆ, ತಾಲ್ಲೂಕು, ಹೋಬಳಿ ಹಾಗೂ ಗ್ರಾಮವನ್ನು ಆಯ್ಕೆ ಮಾಡಿಕೊಂಡ ನಂತರ ಸರ್ವೆ ನಂಬರನ್ನು ನಮೂದಿಸಬೇಕಾಗಿರುತ್ತದೆ" ಅಂತ ಬರೆದ್ರೆ ಕ್ರಿಯಾಪದ ಬರೋ ಹೊತ್ತಿಗೆ ಓದೋನು ಇರಲ್ಲ. ಜೊತೆಗೆ ಆ ಕೊನೇ ಪದ ನೋಡಿ, ಫೋನಲ್ಲಿ ಅರ್ಧ ಸಾಲು ಅದಕ್ಕೇ ಬೇಕು. "ಜಿಲ್ಲೆ, ತಾಲ್ಲೂಕು, ಹೋಬಳಿ, ಊರು ಆರಿಸಿ. ಸರ್ವೆ ನಂಬರ್ ಹಾಕಿ." ಮುಗೀತು. ಕಥೆ, ಹರಟೆ ಬರೀವಾಗ ವಾಕ್ಯ ಉದ್ದ ಇರ್ಲಿ, ನಾನೂ ಈಗ ಹಂಗೇ ಬರೀತಿದೀನಿ, ಆದ್ರೆ ಕೆಲಸ ಮಾಡಿಸೋ ಜಾಗದಲ್ಲಿ ಒಂದು ವಾಕ್ಯಕ್ಕೆ ಒಂದೇ ಕೆಲಸ. ಇನ್ನೊಂದು, ಪ್ಯಾರಾದ ಎರಡೂ ಅಂಚು ಸಮ ಮಾಡಕ್ಕೆ ಹೋಗ್ಬೇಡಿ, ನಮ್ಮ ಉದ್ದುದ್ದ ಪದಗಳಿಗೆ ಮಧ್ಯೆ ಮಧ್ಯೆ ಬಿದ್ದುಹೋದ ಹಲ್ಲಿನ ಥರ ಸಂದು ಬೀಳತ್ತೆ.

ಪದ ಯಾವ್ದು ಬಳಸ್ಬೇಕು? ಜನ ಹುಡುಕೋ ಪದ. ಕಚೇರಿಗೆ ಅದು ಆರ್‌ಟಿಸಿ, ನಮ್ಮ ಕಡೆ ಪಹಣಿ, ಉತ್ತರ ಕರ್ನಾಟಕದ ಕಡೆ ಉತಾರ. ಮೂರನ್ನೂ ಶುರುವಲ್ಲಿ ಒಂದೊಂದು ಸಲ ಹೇಳಿ, ಆಮೇಲೆ ಒಂದನ್ನೇ ಹಿಡ್ಕೊಂಡು ಹೋಗಿ, ಪ್ರತಿ ಪ್ಯಾರಾಕ್ಕೂ ಹೆಸರು ಬದಲಾಯಿಸಿದ್ರೆ ಇದು ಬೇರೆ ಕಾಗದ ಇರ್ಬೇಕು ಅನ್ಕೋತಾರೆ. ಸರ್ಚ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡೋರೂ ಬೇಕಾದಷ್ಟು ಇದಾರೆ, ಅದಕ್ಕೆ ಪುಟದ ವಿಳಾಸದಲ್ಲಾದ್ರೂ ಆ ಸ್ಪೆಲಿಂಗ್ ಇರ್ಲಿ.

ಕನ್ನಡ ಟೈಪ್ ಮಾಡೋ "ನುಡಿ" ತಂತ್ರಾಂಶದ ಹಳೇ ಫಾಂಟಲ್ಲಿ ಬೆರಳಚ್ಚು ಮಾಡಿದ್ದನ್ನ ಹಾಗೇ ತಂದು ಅಂಟಿಸ್ಬೇಡಿ, ಓದೋರಿಗೆ ಚಿತ್ರವಿಚಿತ್ರ ಚಿಹ್ನೆ ಕಾಣತ್ತೆ, ಸರ್ಚಲ್ಲೂ ಸಿಗಲ್ಲ. ಎಲ್ಲಾ ಫೋನಲ್ಲೂ ಸರಿಯಾಗಿ ಕಾಣೋ ಯುನಿಕೋಡಿಗೆ ಬದಲಾಯಿಸಿ. "ಸಾಫ್ಟ್ವೇರ್" ಅಂತ ಒತ್ತಕ್ಷರ ಗುಡ್ಡೆ ಬಿದ್ದಿದ್ರೆ ಮಧ್ಯೆ ಕಣ್ಣಿಗೆ ಕಾಣದ ಬಿಡಿಸೋ ಅಕ್ಷರ ಒಂದನ್ನ ಹಾಕಿ "ಸಾಫ್ಟ್‌ವೇರ್" ಮಾಡಿ, ಸಣ್ಣ ವಿಷಯ ಆದ್ರೂ ಕಣ್ಣು ಎಡವಲ್ಲ.

ಲಿಂಕ್ ಕೊಡುವಾಗ "ಇಲ್ಲಿ ಕ್ಲಿಕ್ ಮಾಡಿ" ಬೇಡ. ಕಣ್ಣು ಕಾಣದೋರು ಸ್ಕ್ರೀನ್ ರೀಡರ್ ಇಟ್ಕೊಂಡು ಲಿಂಕಿಂದ ಲಿಂಕಿಗೆ ಹಾರ್ತಾ ಕೇಳ್ತಾರೆ, ಅವರಿಗೆ ಐದು ಸಲ "ಇಲ್ಲಿ" ಅಂತ ಕೇಳಿದ್ರೆ ಎಲ್ಲಿ ಅಂತ ಗೊತ್ತಾಗ್ಬೇಕು? "ಪಹಣಿ ನೋಡೋ ಪುಟ" ಅಂತ ಲಿಂಕಿಗೇ ಹೆಸರಿಡಿ. "ಇತ್ತೀಚೆಗೆ ಶುಲ್ಕ ಏರಿದೆ" ಅಂತಾನೂ ಬರೀಬೇಡಿ, ನಿಮ್ಮ ಇತ್ತೀಚೆಗೆ ಮೂರು ವರ್ಷ ಬಿಟ್ಟು ಓದೋನಿಗೆ ಯಾವಾಗ? ತಿಂಗಳು, ವರ್ಷ ಹಾಕಿ. ಸ್ಕ್ರೀನ್‌ಶಾಟ್ ಹಾಕೋದಾದ್ರೆ ಹೆಸರು, ಸರ್ವೆ ನಂಬರ್ ಮಸಿ ಬಳಿದು ಹಾಕಿ, ನಾನು ಮೊದಲು ಅಜ್ಜನ ಜಮೀನಿನದ್ದೇ ಹಾಕ್ಬಿಟ್ಟಿದ್ದೆ!

ಬರೆದಾದ ಮೇಲೆ ಮನೇಲಿ ಯಾರಿಗಾದ್ರೂ ಫೋನ್ ಕೊಟ್ಟು ಪಕ್ಕದಲ್ಲಿ ಕೂತ್ಕೊಳಿ, ಬಾಯಿ ಬಿಡ್ಬೇಡಿ. ಬೆರಳು ಎಲ್ಲಿ ನಿಲ್ಲತ್ತೆ, ಎಲ್ಲಿ ವಾಪಸ್ ಮೇಲಕ್ಕೆ ಹೋಗತ್ತೆ ನೋಡಿ, ತಿದ್ದಬೇಕಾದ ಜಾಗ ಅದೇ. ಅವರು "ಚೆನ್ನಾಗಿದೆ" ಅಂದಿದ್ದನ್ನ ಮಾತ್ರ ನಂಬ್ಬೇಡಿ, ಚಿಕ್ಕಪ್ಪನೂ ಹಂಗೇ ಅಂದಿದ್ರು.

ತಿದ್ದಿದ ಲೇಖನ ಮೊನ್ನೆ ಅವರಿಗೆ ಮತ್ತೆ ಕಳಿಸ್ದೆ. ಈ ಸಲ ಫೋನ್ ಬರ್ಲಿಲ್ಲ, ವಾಟ್ಸಾಪಲ್ಲಿ ಪಹಣಿ ಫೋಟೋ ಬಂತು, ಕೆಳಗೆ ಒಂದು ವಾಯ್ಸ್ ಮೆಸೇಜು: "ಇದ್ರಲ್ಲಿ ಇನ್ನೂ ನಿಮ್ಮಜ್ಜನ ಹೆಸರೇ ಐತೆ ಕಣೋ, ಪೌತಿ ಖಾತೆ ಮಾಡ್ಸೋದು ಹೆಂಗೆ ಅಂತ ಬರೀ. ಚಿಕ್ಕದಾಗಿ."