ಸೊಂಟದ ಡಿಸ್ಕ್ ನೋವು: ಬಗ್ಗುವುದನ್ನು ಎಣಿಸಿ ಇಳಿಸಿದ ಬಗೆ

ಎಲ್5-ಎಸ್1 (ಸೊಂಟದ ಕೊನೆಯ ಮೂಳೆಗೂ ಅದರ ಕೆಳಗಿನ ಮೂಳೆಗೂ ನಡುವಿನ) ಡಿಸ್ಕ್ ಹಿಂದಕ್ಕೆ ಉಬ್ಬಿ ಎಡಗಾಲಿನ ನರವನ್ನು ಒತ್ತುತ್ತಿದೆ ಅಂತ ಎಂಆರ್‌ಐ ವರದಿ ಹೇಳುತ್ತದೆ. ಅದನ್ನು ಬೀರುವಿನಲ್ಲಿಟ್ಟುಕೊಂಡೇ ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ತೋಟ, ರೇಷ್ಮೆ ಹುಳುಮನೆ, ಎರಡು ಸೀಮೆಹಸು ನಡೆಸುತ್ತಿದ್ದೇನೆ. ಆಪರೇಷನ್ ಆಗಿಲ್ಲ, ಬೆಲ್ಟು ಮೊಳೆಗೆ ನೇತಾಡುತ್ತಿದೆ. ವ್ಯಾಯಾಮದ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ದಿನಕ್ಕೆ ಅರ್ಧ ಗಂಟೆ ವ್ಯಾಯಾಮ ಮಾಡಿ ಉಳಿದ ಹೊತ್ತೆಲ್ಲ ಬಗ್ಗುತ್ತಲೇ ಇದ್ದರೆ ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ. ಮೊದಲು ಬಗ್ಗುವುದನ್ನು ಎಣಿಸಬೇಕು.

ಒಂದು ಜೇಬಿಗೆ ಹುಣಿಸೆಬೀಜ ತುಂಬಿಕೊಂಡು, ನಡು ಬಗ್ಗಿಸಿದಾಗಲೆಲ್ಲ ಒಂದೊಂದನ್ನು ಇನ್ನೊಂದು ಜೇಬಿಗೆ ಹಾಕುವುದು. ಮೂರು ದಿನ ಸಾಕು. ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಮೇಲೆ, ಅಂದರೆ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗೂ ಹೆಚ್ಚು ತಿನ್ನುವ ಕೊನೆಯ ವಾರದಲ್ಲಿ, ನನ್ನ ದಿನದ ಎಣಿಕೆ 300 ದಾಟಿತು. ಅದರಲ್ಲಿ ಭಾರ ಎತ್ತಿದ್ದು ಇಪ್ಪತ್ತು ಸಲವೂ ಇರಲಿಲ್ಲ. ಮಿಕ್ಕಿದ್ದೆಲ್ಲ ಚಪ್ಪಲಿ ಸರಿಮಾಡುವುದು, ಕೆಳಗಿನ ಅಂತಸ್ತಿಗೆ ಸೊಪ್ಪು ಕೊಡುವುದು, ಬಕೆಟ್ಟಿನಿಂದ ಚೊಂಬು ತುಂಬುವುದು, ಇಂಥವೇ.

ಯಾವ ಹೊತ್ತಿನಲ್ಲಿ ಬಗ್ಗುತ್ತೀರಿ ಅನ್ನುವುದು ಎಷ್ಟು ಸಲ ಅನ್ನುವಷ್ಟೇ ಮುಖ್ಯ. ಡಿಸ್ಕಿನ ಒಳಗೆ ಮೆತ್ತನೆ ತಿರುಳು, ಸುತ್ತ ಪದರ ಪದರದ ನಾರಿನ ಬಳೆ. ರಾತ್ರಿ ಮಲಗಿದಾಗ ತಿರುಳು ನೀರು ಹೀರಿ ಊದಿಕೊಳ್ಳುತ್ತದೆ. ಬೆಳಗ್ಗೆ ನಾವೆಲ್ಲ ರಾತ್ರಿಗಿಂತ ಒಂದೂವರೆ-ಎರಡು ಸೆಂಟಿಮೀಟರ್ ಎತ್ತರ ಇರುತ್ತೇವೆ. ಎದ್ದ ಮೊದಲ ಗಂಟೆಯಲ್ಲೇ ಅದರಲ್ಲಿ ಸುಮಾರು ಅರ್ಧ ಇಳಿದುಬಿಡುತ್ತದೆ. ಅಷ್ಟರೊಳಗೆ ಮುಂದಕ್ಕೆ ಬಗ್ಗಿದರೆ ಬಿಗಿದ ಡಿಸ್ಕು ಮುಂದೆ ಅದುಮಿ ತಿರುಳು ಹಿಂದಕ್ಕೆ, ನರ ಇರುವ ಕಡೆಗೇ, ಒತ್ತುತ್ತದೆ. ಎದ್ದ ಮೊದಲ ಎರಡು ಗಂಟೆ ಬಗ್ಗದಂತೆ ನೋಡಿಕೊಂಡವರಿಗೆ ಹಳೆಯ ಸೊಂಟ ನೋವು ಕಡಿಮೆಯಾಯಿತು ಎಂದು 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತ್ತು.

ನಮ್ಮ ಹಳ್ಳಿಯ ಮನೆಗಳಲ್ಲಿ ನೋಡಿ. ಸಗಣಿ ಬಾಚುವುದು, ಅಂಗಳ ಗುಡಿಸಿ ನೀರು ಚಿಮುಕಿಸುವುದು, ರಂಗೋಲಿ, ಹಾಲು ಕರೆಯುವುದು, ಎಲ್ಲವೂ ಅದೇ ಗಂಟೆಗೆ. ಡೈರಿಯವರು ಹಾಲಿಗೆ ಕಾಯುವುದಿಲ್ಲ. ಹಾಗಾಗಿ ನಾನು ಏಳುವ ಹೊತ್ತನ್ನೇ 45 ನಿಮಿಷ ಮುಂಚೆಗೆ ತಂದೆ. ಎದ್ದು ಮುಖ ತೊಳೆದು (ಸಿಂಕಿಗೆ ಬಗ್ಗದೆ, ಒಂದು ಕೈ ಗೋಡೆಗೆ ಊರಿ) ನೆಟ್ಟಗೆ ಓಡಾಡುವುದು, ಮೇವು ಹಾಕುವುದು, ಕಾಫಿ ಕುಡಿಯುವುದು. ಆಮೇಲೆ ಕೆಚ್ಚಲಿಗೆ ಕೈ. ಸಗಣಿಗೆ ಎದೆಮಟ್ಟದ ಹಿಡಿಯ ಸಲಿಕೆ, ಕಡ್ಡಿಪೊರಕೆಗೆ ನಾಲ್ಕಡಿ ಬಿದಿರು. ಹಾಲು ಕರೆಯಲು ಕುಕ್ಕರಗಾಲು ಬಿಟ್ಟು ಒಂದಡಿ ಎತ್ತರದ ಸ್ಟೂಲು. ಮಂಡಿ ಅಗಲಿಸಿ, ಹಸುವಿನ ಪಕ್ಕೆಗೆ ಅಂಟಿಕೊಂಡಂತೆ ಕೂರಬೇಕು. ದೂರ ಕೂತು ಕೈ ಚಾಚಿದರೆ ಸ್ಟೂಲು ಇದ್ದೂ ಪ್ರಯೋಜನವಿಲ್ಲ. ರಂಗೋಲಿ ಮನೆಯಲ್ಲಿ ಬೇರೆಯವರ ಪಾಲಿಗೆ ಹೋಯಿತು, ಅವರ ಸೊಂಟವೂ ಮುಖ್ಯ ಅಂತ ಈಗ ಎಂಟು ಗಂಟೆಗೆ ಬೀಳುತ್ತದೆ.

ಹುಳುಮನೆಯಲ್ಲಿ ಮೂರು ಅಂತಸ್ತಿನ ಪೈಕಿ ನೆಲಕ್ಕೆ ಹತ್ತಿರದ್ದನ್ನು ಬಿಟ್ಟುಬಿಟ್ಟೆ. ಒಂದು ಅಂತಸ್ತು ಹೋದರೆ ಅಷ್ಟು ಮೊಟ್ಟೆ ಕಡಿಮೆ, ನಷ್ಟ ನಷ್ಟವೇ. ಆದರೆ ದಿನಕ್ಕೆ ನೂರು ಬೀಜ ಅಲ್ಲೇ ಉಳಿಯಿತು. ಸೊಪ್ಪು ಕಟಾವಿಗೆ ಮರ ಪದ್ಧತಿ ಒಳ್ಳೆಯದು. ನೀರು ಕಮ್ಮಿ ಅಂತ ನಮ್ಮ ಕಡೆ ಅದಕ್ಕೆ ಹೊರಳಿದವರು ಬಹಳ, ಸೊಂಟಕ್ಕೂ ಅದೇ ಹಿತ. ಕಾಂಡ ಮೂರ್ನಾಲ್ಕು ಅಡಿ ಬಿಟ್ಟು ಸವರುವುದರಿಂದ ನಿಂತೇ ಕೊಯ್ಯಬಹುದು. ಹೊರೆಯನ್ನು 30 ಕೆ.ಜಿ.ಯಿಂದ 15ಕ್ಕೆ ಇಳಿಸಿ ಎರಡು ಸಲ ಹೊತ್ತೆ. ಕುಡಿಯುವ ನೀರಿನ 20 ಲೀಟರ್ ಕ್ಯಾನಿನದೂ ಇದೇ ಕಥೆ. ಸ್ಕೂಟರಿನ ಕಾಲಿಡುವ ಜಾಗದಿಂದ ಅದನ್ನು ಓರೆಯಾಗಿ ತಿರುಚಿ ಎತ್ತುವಾಗಲೇ ಎಷ್ಟೋ ಜನರ ಸೊಂಟ ಹಿಡಿದುಕೊಳ್ಳುವುದು. ಹತ್ತರ ಎರಡು ಕ್ಯಾನು, ಎರಡೂ ಕೈಗೆ ಒಂದೊಂದು.

ಬಗ್ಗಲೇಬೇಕಾದಾಗ ನಡುವಿನಿಂದ ಬಗ್ಗದೆ ತೊಡೆಯ ಕೀಲಿನಿಂದ ಬಗ್ಗಬೇಕು. ಇದು ಓದಿದರೆ ಬರುವುದಿಲ್ಲ, ಕೋಲು ಬೇಕು. ನಾಲ್ಕಡಿ ಕೋಲನ್ನು ಬೆನ್ನಿಗೆ ನೇರ ಹಿಡಿಯಿರಿ. ತಲೆಯ ಹಿಂಭಾಗ, ಭುಜದೆಲುಬುಗಳ ನಡು, ಪೃಷ್ಠದ ಮೇಲಿನ ಮೂಳೆ, ಈ ಮೂರು ಕಡೆ ಕೋಲು ತಾಗಿರಬೇಕು. ಮಂಡಿ ಸ್ವಲ್ಪ ಸಡಿಲಿಸಿ, ಹಿಂದೆ ಇರುವ ಬಾಗಿಲನ್ನು ಕುಂಡೆಯಿಂದ ನೂಕುವ ಹಾಗೆ ಹಿಂದಕ್ಕೆ ಸರಿಯುತ್ತ ಮುಂದಕ್ಕೆ ವಾಲಿ. ಮೂರರಲ್ಲಿ ಒಂದು ಜಾಗ ಕೋಲಿನಿಂದ ಬಿಟ್ಟರೂ ನೀವು ಸೊಂಟದಿಂದ ಬಗ್ಗಿದಿರಿ ಎಂದೇ ಅರ್ಥ. ದಿನಕ್ಕೆ ಹತ್ತು ಸಲದಂತೆ ಎರಡು ವಾರ ಮಾಡಿದರೆ ಕೋಲಿಲ್ಲದೆ ಬರುತ್ತದೆ. ಕೆಳಗೆ ಬಿದ್ದ ಹಗುರ ವಸ್ತುವಿಗೆ ಒಂದು ಕೈ ಮೇಜಿಗೆ ಊರಿ, ಒಂದು ಕಾಲನ್ನು ಹಿಂದಕ್ಕೆ ಎತ್ತಿ ತೆಗೆದುಕೊಳ್ಳಿ.

ಇನ್ನು ವ್ಯಾಯಾಮ. ನನಗೆ ಕಾಲಿನ ಸೆಳೆತ ಇಳಿಸಿದ್ದು ನ್ಯೂಜಿಲೆಂಡಿನ ಫಿಸಿಯೊಥೆರಪಿಸ್ಟ್ ರಾಬಿನ್ ಮೆಕೆಂಜಿ ರೂಢಿಗೆ ತಂದ ಹಿಂದಕ್ಕೆ ಬಾಗುವ ಪದ್ಧತಿ. ಬೋರಲು ಮಲಗಿ ಎರಡು ನಿಮಿಷ ಸುಮ್ಮನಿರಿ. ನಂತರ ಮೊಣಕೈ ಊರಿ ಎದೆ ಎತ್ತಿ ಎರಡು ನಿಮಿಷ. ಅದು ಒಗ್ಗಿದರೆ ಅಂಗೈ ಊರಿ, ಸೊಂಟ ಚಾಪೆಗೇ ಬಿಟ್ಟು, ಕೈ ನೆಟ್ಟಗಾಗುವವರೆಗೆ ಮೇಲೇಳಿ. ಹತ್ತು ಸಲ, ದಿನಕ್ಕೆ ಐದಾರು ಬಾರಿ. ಭುಜಂಗಾಸನ ಬಲ್ಲವರು ಇಲ್ಲೇ ತಪ್ಪುತ್ತಾರೆ. ಬೆನ್ನಿನ ಸ್ನಾಯು ಬಿಗಿದು ಎದ್ದರೆ ಡಿಸ್ಕಿನ ಮೇಲೆ ಒತ್ತಡ ಹೆಚ್ಚುತ್ತದೆ. ಇದರಲ್ಲಿ ಕೈಯದ್ದೇ ಕೆಲಸ, ಕುಂಡೆ ಬೆನ್ನು ಎರಡೂ ಒದ್ದೆ ಬಟ್ಟೆಯಂತೆ ಜೋತಿರಬೇಕು.

ಸರಿಯಾಗುತ್ತಿದೆಯೋ ಇಲ್ಲವೋ ಎಂದು ನೋವು ನಿಂತಿರುವ ಜಾಗವೇ ಹೇಳುತ್ತದೆ. ಮೀನಖಂಡದಲ್ಲಿದ್ದದ್ದು ತೊಡೆಗೆ, ತೊಡೆಯಿಂದ ಕುಂಡೆಗೆ ಏರಿದರೆ, ಸೊಂಟದಲ್ಲಿ ನೋವು ಹೆಚ್ಚಿದಂತೆ ಅನ್ನಿಸಿದರೂ, ಒಳ್ಳೆಯ ಲಕ್ಷಣ. ಪಾದದ ಕಡೆಗೆ ಇಳಿದರೆ ತಕ್ಷಣ ನಿಲ್ಲಿಸಿ. ನಿಂತು ನಡೆದರೆ ಕಾಲು ಭಾರವಾಗಿ, ಕೂತು ಮುಂದಕ್ಕೆ ಬಾಗಿದರೆ ಹಾಯೆನಿಸುವ ಹಿರಿಯರಿಗೆ ಇದು ಹೊಂದುವುದಿಲ್ಲ. ಅವರದ್ದು ಹೆಚ್ಚಾಗಿ ನರದ ನಾಳ ಕಿರಿದಾದ ತೊಂದರೆ, ಹಿಂದಕ್ಕೆ ಬಾಗಿದರೆ ಇನ್ನೂ ಕಿರಿದಾಗುತ್ತದೆ.

ಸೆಳೆತ ಮೊಣಕಾಲಿನಿಂದ ಮೇಲೆ ಬಂದ ನಂತರ ಕೆನಡಾದ ಬೆನ್ನೆಲುಬು ಸಂಶೋಧಕ ಸ್ಟುವರ್ಟ್ ಮೆಕ್‌ಗಿಲ್ ಹೇಳಿದ ಮೂರು ವ್ಯಾಯಾಮ. ಅಂಗಾತ ಮಲಗಿ ಒಂದು ಮಂಡಿ ಮಡಚಿ, ಎರಡೂ ಅಂಗೈಗಳನ್ನು ಸೊಂಟದಡಿ ಇಟ್ಟು, ತಲೆ-ಭುಜ ಒಂದೇ ಇಂಚು ಎತ್ತುವುದು. ಪಕ್ಕಕ್ಕೆ ಮಲಗಿ ಮೊಣಕೈ, ಮಂಡಿಗಳ ಮೇಲೆ ಸೊಂಟ ಎತ್ತಿ ನಿಲ್ಲಿಸುವುದು. ಅಂಬೆಗಾಲಿನಲ್ಲಿ ನಿಂತು ಬಲಗೈ ಎಡಗಾಲು, ಆಮೇಲೆ ಎಡಗೈ ಬಲಗಾಲು ಚಾಚುವುದು. ಒಂದೊಂದು 10 ಸೆಕೆಂಡು ಹಿಡಿದು, ಮೊದಲು 6 ಸಲ, ಅರ್ಧ ನಿಮಿಷ ಬಿಟ್ಟು 4, ಮತ್ತೆ ಬಿಟ್ಟು 2. ಹೊತ್ತು ಹೆಚ್ಚು ಹಿಡಿಯುವ ಹಟ ಬೇಡ, ಸುಸ್ತಾದರೆ ಸೊಂಟ ಕುಸಿಯುತ್ತದೆ. ಅಂಬೆಗಾಲಿನದಕ್ಕೆ ಸೊಂಟದ ಮೇಲೆ ಒಂದು ಸ್ಟೀಲ್ ತಟ್ಟೆ ಇಟ್ಟುಕೊಂಡೆ. ಬೀಳದಿದ್ದರೆ ಸರಿ. ಬೆಳಗ್ಗೆ ಎದ್ದ ಕೂಡಲೆ ಮಾತ್ರ ಯಾವುದೂ ಬೇಡ. ಪಾದ ಮುಟ್ಟುವ ಆಸನ, ಮಂಡಿಯನ್ನು ಎದೆಗೆ ಅಪ್ಪಿಕೊಳ್ಳುವುದು ನನ್ನಂಥ ಡಿಸ್ಕಿಗೆ ಆ ಕ್ಷಣ ಹಿತ, ಸಂಜೆಗೆ ಅಹಿತ.

ನಡಿಗೆ ದಿನಕ್ಕೆ ಮೂರು ಸಲ, 15 ನಿಮಿಷ, ಕೈ ಬೀಸಿಕೊಂಡು, ಡಾಂಬರು ರಸ್ತೆಯಲ್ಲಿ. ಬದುವಿನ ಮೇಲೆ ಬೇಡ, ಕಾಲು ಹೊರಳುತ್ತದೆ. ಕೂರುವುದು 20-30 ನಿಮಿಷಕ್ಕೆ ಮುಗಿಯಬೇಕು, ಏಕೆಂದರೆ ನಿಂತದ್ದಕ್ಕಿಂತ ಮುಂದಕ್ಕೆ ಬಾಗಿ ಕೂತಾಗ ಡಿಸ್ಕಿನ ಮೇಲೆ ಒತ್ತಡ ಜಾಸ್ತಿ. ಚಿಕ್ಕಬಳ್ಳಾಪುರಕ್ಕೋ ಬೆಂಗಳೂರಿಗೋ ಬಸ್ಸಿಗೆ ಹೋದರೆ ಎರಡು ಚಕ್ರಗಳ ನಡುವಿನ ಸೀಟು ಹಿಡಿಯಿರಿ. ಕೊನೆಯ ಸೀಟು ರಸ್ತೆಯುಬ್ಬಿಗೊಮ್ಮೆ ಎತ್ತಿ ಕುಕ್ಕುತ್ತದೆ. ಟವೆಲ್ಲನ್ನು ಮಣಿಕಟ್ಟಿನಷ್ಟು ದಪ್ಪ ಸುತ್ತಿ ಸೊಂಟದ ಗುಳಿಗೆ ಇಟ್ಟುಕೊಳ್ಳಿ. ಮಲಬದ್ಧತೆ ಇದ್ದರೆ ಹಾಗೇ ಬಿಡಬೇಡಿ, ತಿಣುಕಿದರೆ ಕಾಲಿಗೆ ಕರೆಂಟು ಹೊಡೆದಂತಾಗುತ್ತದೆ. ಟ್ರಮಡಾಲ್‌ನಂಥ ನೋವಿನ ಮಾತ್ರೆಗಳೇ ಮಲಬದ್ಧತೆ ತರುತ್ತವೆ ಎಂದು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ನೋವಿನ ಮಾತ್ರೆ ನಡೆಯಲು ಅನುವು ಮಾಡಿಕೊಡುವಷ್ಟು ದಿನ ಸಾಕು. ಡೈಕ್ಲೊಫೆನಾಕ್ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಕಿಡ್ನಿ ಎರಡಕ್ಕೂ ಪೆಟ್ಟು. ಒಳಗೇನಿದೆ ಎಂದು ಬರೆಯದ ಪುಡಿ ಪೊಟ್ಟಣ ಮುಟ್ಟಲೇಬೇಡಿ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಳ್ಳುವುದು ಉಳುಕಿಗೆ ಹೇಗೋ ಏನೋ, ಕಾಲಿಗೆ ಸೆಳೆತ ಇರುವವರು ಆ ಕಡೆ ಹೋಗಬಾರದು. ಎಂಆರ್‌ಐ ನೋಡಿ ಗಾಬರಿಯೂ ಬೇಡ. ನೋವೇ ಇಲ್ಲದವರಿಗೂ ಸ್ಕ್ಯಾನ್ ಮಾಡಿದರೆ ಡಿಸ್ಕು ಉಬ್ಬಿದ್ದು ಕಾಣುತ್ತದೆ, ವಯಸ್ಸಾದಷ್ಟೂ ಹೆಚ್ಚು. ಹೊರಬಂದ ತಿರುಳು ತಿಂಗಳುಗಳಲ್ಲಿ ತಾನೇ ಕರಗುವುದೂ ಉಂಟು. ಇನ್ನೊಂದು: ನಮ್ಮ ಕಡೆಯ ಕೊಳವೆಬಾವಿ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆನ್ನೆಲುಬೇ ಬಿರುಸಾಗಬಹುದು. ಕುತ್ತಿಗೆ, ಮಂಡಿ, ಸೊಂಟ ಮೂರೂ ಬಿಗಿಯಾಗಿದ್ದರೆ ಡಾಕ್ಟರಿಗೆ ಆ ಮಾತನ್ನೂ ಹೇಳಿ.

ಮನೆಯಲ್ಲೇ ಕೂರಬಾರದ ಲಕ್ಷಣಗಳಿವೆ. ವಾರಕ್ಕೊಮ್ಮೆ ಹತ್ತು ಹೆಜ್ಜೆ ಹಿಮ್ಮಡಿಯಲ್ಲಿ, ಹತ್ತು ಹೆಜ್ಜೆ ತುದಿಗಾಲಲ್ಲಿ ನಡೆದು ನೋಡಿ. ಒಂದು ಕಾಲು ಸೋತರೆ, ಹವಾಯಿ ಚಪ್ಪಲಿ ಅದೇ ಕಾಲಿಂದ ಅರಿವಿಲ್ಲದೆ ಕಳಚುತ್ತಿದ್ದರೆ ಆ ವಾರವೇ ತಜ್ಞರಿಗೆ ತೋರಿಸಿ. ಉಚ್ಚೆ ಕಟ್ಟಿದರೆ ಅಥವಾ ತಾನಾಗಿ ಹೋದರೆ, ಗುದದ ಸುತ್ತ, ತೊಡೆಯ ಸಂದಿಯಲ್ಲಿ ಜೋಮು ಹಿಡಿದರೆ ಬೆಳಗಾಗಲಿ ಎನ್ನಬೇಡಿ, ಆ ರಾತ್ರಿಯೇ ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಗೆ.

ವರ್ಷಕ್ಕೊಂದೆರಡು ಸಲ ನೋವು ಮರುಕಳಿಸುತ್ತದೆ, ಹೆಚ್ಚಾಗಿ ಗೂಡು ಬಿಡಿಸುವ ವಾರ ಮುಗಿದ ಮಾರನೆ ದಿನ. ಆಗ ಎರಡು ದಿನಕ್ಕಿಂತ ಹೆಚ್ಚು ಮಲಗುವುದಿಲ್ಲ. ಮೂರು ವ್ಯಾಯಾಮ ನಿಲ್ಲಿಸಿ ಮತ್ತೆ ಬೋರಲು ಮಲಗುವುದರಿಂದ ಶುರು, ನಡಿಗೆ ಐದೈದು ನಿಮಿಷ. ಮತ್ತೆ ಜೇಬಿಗೆ ಹುಣಿಸೆಬೀಜ.