ಮನೆಯ ಕಂಪ್ಯೂಟರ್‌ಗೆ ಯಾವ ಡ್ರೈವ್, ಬ್ಯಾಕಪ್ ಎಲ್ಲಿ?

ಡ್ರೈವ್ ಕೊಳ್ಳುವ ಮೊದಲು ಒಂದು ಪಟ್ಟಿ ಮಾಡಿ. ಈ ಕಂಪ್ಯೂಟರ್ ಇವತ್ತು ರಾತ್ರಿ ಕೈಕೊಟ್ಟರೆ ಮತ್ತೆಲ್ಲಿಂದಲೂ ತರಲಾಗದ್ದು ಏನೇನು? ವಿಂಡೋಸ್, ಆಟಗಳು, ಸಾಫ್ಟ್‌ವೇರ್ ಇವನ್ನೆಲ್ಲ ಮತ್ತೆ ಇಳಿಸಿಕೊಳ್ಳಬಹುದು. ಫೋಟೊ, ವಿಡಿಯೊ, ಕಾಗದಪತ್ರಗಳ ಸ್ಕ್ಯಾನ್, ನೀವೇ ಬರೆದ ಬರಹ ಹೋದರೆ ಹೋದವೇ. ಆ ಫೋಲ್ಡರ್‌ಗಳ ಗಾತ್ರವನ್ನು ಒಂದೊಂದಾಗಿ ನೋಡಿ ಒಟ್ಟು ಬರೆದಿಟ್ಟುಕೊಳ್ಳಿ. ಮುಂದಿನ ತೀರ್ಮಾನಗಳಿಗೆಲ್ಲ ಈ ಒಂದು ಅಂಕಿಯೇ ಆಧಾರ.

ಕೈಯಲ್ಲಿರುವ ದುಡ್ಡು ಸೀಮಿತವಾಗಿದ್ದರೆ ಅತಿವೇಗದ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದೆ ಚಿಪ್‌ನಲ್ಲೇ ಮಾಹಿತಿ ಇಡುವ ಡ್ರೈವ್) ಒಂದನ್ನೇ ತರಬೇಡಿ. ಸಾಧಾರಣ ಎಸ್‌ಎಸ್‌ಡಿ ಜೊತೆಗೆ ಹೊರಗಿನಿಂದ ಸಿಕ್ಕಿಸುವ ಹಾರ್ಡ್ ಡಿಸ್ಕ್ ಒಂದನ್ನು ತನ್ನಿ. ವೇಗ ಕಮ್ಮಿಯಾದರೆ ಸ್ವಲ್ಪ ಕಾಯಬೇಕಾಗುತ್ತದೆ, ಅಷ್ಟೆ. ಬ್ಯಾಕಪ್ ಇಲ್ಲದಿದ್ದರೆ ಕಳೆದುಕೊಂಡದ್ದು ವಾಪಸ್ ಬರುವುದಿಲ್ಲ.

ಒಳಗೆ ಏನಿರಬೇಕು

ಆಪರೇಟಿಂಗ್ ಸಿಸ್ಟಮ್ ಎಸ್‌ಎಸ್‌ಡಿಯಲ್ಲೇ ಇರಲಿ. ಹಾರ್ಡ್ ಡಿಸ್ಕಿನ ಹೆಡ್ (ಓದುವ, ಬರೆಯುವ ತುದಿ) ತಿರುಗುವ ತಟ್ಟೆಯ ಮೇಲೆ ಜಾಗ ಹುಡುಕಿ ಓದಲು ಪ್ರತಿ ಸಲವೂ 10 ಮಿಲಿಸೆಕೆಂಡಿನ ಆಸುಪಾಸು ಬೇಕು. ಎಸ್‌ಎಸ್‌ಡಿಗೆ ಅದರ ನೂರನೇ ಒಂದು ಪಾಲು ಸಾಕು. ಕಂಪ್ಯೂಟರ್ ಶುರುವಾಗುವಾಗ ಸಾವಿರಾರು ಚಿಕ್ಕ ಫೈಲುಗಳನ್ನು ಓದಬೇಕಾಗುವುದರಿಂದ ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿದ ಕೂಡಲೇ ಜೀವ ಬಂದಂತಾಗುವುದು.

ಡ್ರೈವನ್ನು ಕಂಪ್ಯೂಟರಿಗೆ ಜೋಡಿಸುವ ಹಳೆಯ ಬಗೆ ಸಾಟಾ, ಹೊಸದು ಎನ್‌ವಿಎಂಇ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ. ಎನ್‌ವಿಎಂಇ ಆದರೆ ಮೂರನೇ ಪೀಳಿಗೆಯ ಪಿಸಿಐಇಯಲ್ಲಿ (ಮದರ್‌ಬೋರ್ಡಿನ ವೇಗದ ಸಂಪರ್ಕ ದಾರಿ) 3500, ನಾಲ್ಕನೆಯದರಲ್ಲಿ 7000ದವರೆಗೂ ಹೋಗುತ್ತದೆ. ಇವು ದೊಡ್ಡ ಫೈಲನ್ನು ಒಂದೇ ಸಮನೆ ಓದುವಾಗಿನ ಅಂಕಿಗಳು. ಬ್ರೌಸರ್, ದಾಖಲೆ, ಫೋಟೊ ಕೆಲಸದಲ್ಲಿ ಮೂರಕ್ಕೂ ನಾಲ್ಕಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವುದು ಕಷ್ಟ. ದಿನವೂ ದೊಡ್ಡ ವಿಡಿಯೊ ಕತ್ತರಿಸುವವರಿಗೆ ಮಾತ್ರ ಆ ಹೆಚ್ಚುವರಿ ದುಡ್ಡು ಸಾರ್ಥಕ.

ಕೊಳ್ಳುವಾಗ ಜನ ಎಡವುವುದು ಎಂ.2 ಎಂಬ ಹೆಸರಿನಲ್ಲಿ. ಎಂ.2 ಅನ್ನುವುದು ಆಕಾರದ ಹೆಸರು, ವೇಗದ್ದಲ್ಲ. ಒಂದೇ ಆಕಾರದಲ್ಲಿ ಸಾಟಾ ಡ್ರೈವೂ ಬರುತ್ತದೆ, ಎನ್‌ವಿಎಂಇಯೂ ಬರುತ್ತದೆ. ನಿಮ್ಮ ಸ್ಲಾಟ್ ಯಾವುದನ್ನು ಒಪ್ಪುತ್ತದೆಂದು ಮದರ್‌ಬೋರ್ಡ್ ಕೈಪಿಡಿಯಲ್ಲಿ ನೋಡಿಕೊಂಡೇ ಕೊಳ್ಳಿ. 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ; ಕೆಲವು ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ 2230 ಮಾತ್ರ ಹಿಡಿಸುತ್ತದೆ. ಅದೇ ಕೈಪಿಡಿಯಲ್ಲಿ ಇನ್ನೊಂದು ಸಾಲನ್ನೂ ಹುಡುಕಿ: ಎಷ್ಟೋ ಬೋರ್ಡುಗಳಲ್ಲಿ ಎಂ.2 ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಪೋರ್ಟ್‌ಗಳು ನಿಂತುಹೋಗುತ್ತವೆ. ಹೊಸ ಎಸ್‌ಎಸ್‌ಡಿ ಹಾಕಿದೊಡನೆ ಹಳೆಯ ಹಾರ್ಡ್ ಡಿಸ್ಕ್ ಮಾಯವಾದರೆ ಅದು ಕೆಟ್ಟಿತೆಂದು ಹೆದರಬೇಡಿ, ಕೇಬಲನ್ನು ಬೇರೆ ಪೋರ್ಟಿಗೆ ಬದಲಾಯಿಸಿ ನೋಡಿ.

ಟಿಎಲ್‌ಸಿ, ಕ್ಯುಎಲ್‌ಸಿ ಎಂಬ ಎಸ್‌ಎಸ್‌ಡಿ ಚಿಪ್‌ಗಳ ಬಗೆಗಳಲ್ಲಿ ಮುಖ್ಯ ಡ್ರೈವಿಗೆ ಟಿಎಲ್‌ಸಿ ಒಳ್ಳೆಯದು. ಕ್ಯುಎಲ್‌ಸಿ ಒಂದು ಕೋಶದಲ್ಲಿ 3ರ ಬದಲು 4 ಬಿಟ್ ತುಂಬಿಸುತ್ತದೆ. ಹಾಗಾಗಿ ಅಗ್ಗ, ಆದರೆ ಬಾಳಿಕೆ ಕಡಿಮೆ. ಕ್ಯಾಶ್ (ಬರೆಯುವುದನ್ನು ಮೊದಲು ಹಿಡಿದಿಡುವ ವೇಗದ ಜಾಗ) ಭರ್ತಿಯಾದ ಮೇಲೆ ಬರೆಯುವ ವೇಗ ಹಾರ್ಡ್ ಡಿಸ್ಕಿಗಿಂತಲೂ ಕೆಳಗಿಳಿಯಬಹುದು. ಯಾವ ಎಸ್‌ಎಸ್‌ಡಿಯನ್ನೂ ಕಂಠಮಟ್ಟ ತುಂಬಿಸಬೇಡಿ, 10ರಿಂದ 20 ಶೇಕಡಾ ಖಾಲಿ ಬಿಡಿ.

ದೊಡ್ಡ ಸಂಗ್ರಹಕ್ಕೆ 3.5 ಇಂಚಿನ ಹಾರ್ಡ್ ಡಿಸ್ಕ್ ಈಗಲೂ ಲಾಭದ್ದು. ತಟ್ಟೆಯ ಮೇಲೆ ಬರೆಯುವ ಬಗೆ ಸಿಎಂಆರ್ ಇದೆಯೋ ಎಸ್‌ಎಂಆರ್ ಇದೆಯೋ ತಯಾರಕರ ಪಟ್ಟಿಯಲ್ಲಿ ನೋಡಿ. ಸಿಎಂಆರ್‌ನಲ್ಲಿ ಬರಹದ ಪಥಗಳು ಬಿಡಿಬಿಡಿಯಾಗಿರುತ್ತವೆ, ಎಸ್‌ಎಂಆರ್‌ನಲ್ಲಿ ಹೆಂಚಿನಂತೆ ಒಂದರ ಮೇಲೊಂದು ಚಾಚಿರುತ್ತವೆ. ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು. ಬ್ಯಾಕಪ್ ತುಂಬಿಡಲು ಅದು ನಡೆಯುತ್ತದೆ, ದಿನವೂ ಬರೆದು ಅಳಿಸುವ ಕೆಲಸಕ್ಕೆ ಬೇಡ. 1 ಟಿಬಿ ಡ್ರೈವನ್ನು ವಿಂಡೋಸ್ 931 ಜಿಬಿ ಎಂದು ತೋರಿಸಿದರೆ ಮೋಸವಾಗಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. 2 ಟಿಬಿಗಿಂತ ದೊಡ್ಡ ಡ್ರೈವನ್ನು ಜಿಪಿಟಿ ಮಾದರಿಯಲ್ಲೇ (ಡ್ರೈವಿನ ಭಾಗಗಳ ಪಟ್ಟಿ ಬರೆದಿಡುವ ಹೊಸ ಬಗೆ) ಸಿದ್ಧಪಡಿಸಿ, ಹಳೆಯ ಬಗೆಯ ಎಂಬಿಆರ್ ಆದರೆ ಉಳಿದ ಜಾಗ ಬಳಕೆಗೆ ಸಿಗದು.

ಬ್ಯಾಕಪ್ ಅಲ್ಲದವು

ಒಂದೇ ಡ್ರೈವನ್ನು ಸಿ ಮತ್ತು ಡಿ ಎಂದು ಭಾಗ ಮಾಡಿ, ಡಿಯಲ್ಲಿ ಫೋಟೊ ಇಟ್ಟು ನಿಶ್ಚಿಂತರಾಗುವವರು ಬಹಳ. ವಿಂಡೋಸ್ ಮರುಸ್ಥಾಪಿಸುವಾಗ ಆ ವಿಂಗಡಣೆ ಅನುಕೂಲವೇ. ಆದರೆ ಒಂದೇ ಮಡಕೆಯೊಳಗೆ ಅಡ್ಡಗೋಡೆ ಕಟ್ಟಿದ ಹಾಗೆ ಅದು. ಮಡಕೆ ಒಡೆದರೆ ಎರಡೂ ಕಡೆಯದು ಚೆಲ್ಲುತ್ತದೆ.

ಹಲವು ಡ್ರೈವ್‌ಗಳನ್ನು ಒಂದಾಗಿ ದುಡಿಸುವ ರೇಡ್ ಕೂಡ ಬ್ಯಾಕಪ್ ಅಲ್ಲ. ರೇಡ್ 1 ಎರಡು ಡ್ರೈವ್‌ಗಳಲ್ಲಿ ಒಂದೇ ಪ್ರತಿ ಇಡುತ್ತದೆ, ಒಂದು ಸತ್ತರೂ ಕೆಲಸ ನಿಲ್ಲದು. ಆದರೆ ನೀವು ತಪ್ಪಿ ಅಳಿಸಿದ್ದು ಆ ಕ್ಷಣವೇ ಎರಡರಲ್ಲೂ ಅಳಿಸುತ್ತದೆ. ರ‍್ಯಾನ್ಸಮ್‌ವೇರ್ (ಹಣ ಕೀಳಲು ಫೈಲುಗಳನ್ನು ಒತ್ತೆಯಿಟ್ಟುಕೊಳ್ಳುವ ಕುತಂತ್ರಾಂಶ) ಬೀಗ ಹಾಕಿದರೆ ಎರಡಕ್ಕೂ ಬೀಗ ಬೀಳುತ್ತದೆ, ಪವರ್ ಸಪ್ಲೈ ಸುಟ್ಟು ವೋಲ್ಟೇಜ್ ಏರಿದರೆ ಎರಡೂ ಒಟ್ಟಿಗೆ ಹೋಗಬಹುದು. ರೇಡ್ 0 ಅಂತೂ ಮನೆಗೆ ಬೇಡವೇ ಬೇಡ: ಫೈಲನ್ನು ಡ್ರೈವ್‌ಗಳಿಗೆ ಹಂಚಿ ಬರೆಯುವುದರಿಂದ ಒಂದು ಡ್ರೈವ್ ಹೋದರೂ ಎಲ್ಲವೂ ಹೋದಂತೆ. ಮನೆಯಲ್ಲಿ ರೇಡ್‌ಗೆಂದು ಎತ್ತಿಟ್ಟ ಎರಡನೇ ಡ್ರೈವನ್ನು ಹೊರಗಿನ ಪೆಟ್ಟಿಗೆಗೆ ಹಾಕಿ ಬ್ಯಾಕಪ್‌ಗೆ ಬಳಸುವುದೇ ಜಾಣತನ.

ಒನ್‌ಡ್ರೈವ್, ಗೂಗಲ್ ಡ್ರೈವ್‌ಗಳ ಸಿಂಕ್ ಅರ್ಧ ರಕ್ಷಣೆ ಮಾತ್ರ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಎರಡರ ಕಸದ ಬುಟ್ಟಿಯಲ್ಲೂ ಸಾಮಾನ್ಯ ಖಾತೆಗೆ 30 ದಿನದ ಅವಕಾಶವಿದೆ, ಎರಡು ತಿಂಗಳ ಮೇಲೆ ನೆನಪಾದರೆ ಸಿಗುವುದಿಲ್ಲ.

ಬ್ಯಾಕಪ್ ಹೂಡುವ ಬಗೆ

ಪರಿಣತರು 3-2-1 ಎನ್ನುವ ಲೆಕ್ಕ ಹೀಗಿದೆ: ಮೂಲವೂ ಸೇರಿ 3 ಪ್ರತಿ, 2 ಬೇರೆ ಬೇರೆ ಮಾಧ್ಯಮ, ಅವುಗಳಲ್ಲಿ 1 ಮನೆಯ ಹೊರಗೆ. ಮನೆಗೆ ಇದನ್ನು ಎರಡು ಹೊರಗಿನ ಡ್ರೈವ್‌ಗಳಿಂದ ಸುಲಭವಾಗಿ ಸಾಧಿಸಬಹುದು. ಮೊದಲು ಬರೆದಿಟ್ಟ ಅಂಕಿಯ ಎರಡರಿಂದ ಮೂರು ಪಟ್ಟು ಗಾತ್ರದವನ್ನು ಆರಿಸಿ, ಏಕೆಂದರೆ ಹಳೆಯ ಆವೃತ್ತಿಗಳಿಗೂ ಜಾಗ ಬೇಕು. ಎರಡಕ್ಕೂ ಅ, ಆ ಎಂದು ಚೀಟಿ ಅಂಟಿಸಿ. ಅ ಮನೆಯಲ್ಲಿ, ಆ ನಂಬಿಕಸ್ತ ನೆಂಟರ ಮನೆಯಲ್ಲೋ ಕಚೇರಿಯ ಬೀಗದ ಡ್ರಾಯರ್‌ನಲ್ಲೋ. ತಿಂಗಳಿಗೊಮ್ಮೆ ಅದಲು ಬದಲು.

ಕಪಾಟಿನಲ್ಲಿ ಇಟ್ಟುಬಿಡುವ ಪ್ರತಿಗೆ ಹಾರ್ಡ್ ಡಿಸ್ಕೇ ಇರಲಿ. ಎಸ್‌ಎಸ್‌ಡಿ ಮಾಹಿತಿಯನ್ನು ವಿದ್ಯುದಾವೇಶವಾಗಿ ಹಿಡಿದಿಡುತ್ತದೆ, ವರ್ಷಗಟ್ಟಲೆ ವಿದ್ಯುತ್ ಇಲ್ಲದೆ ಬಿದ್ದರೆ ಅದು ನಿಧಾನಕ್ಕೆ ಸೋರುತ್ತದೆ. ಪೆನ್‌ಡ್ರೈವ್‌ಗೂ ಇದೇ ಮಾತು.

ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್‌ನ ಫೈಲ್ ಹಿಸ್ಟರಿ ತೆರೆದು ಡ್ರೈವ್ ಆರಿಸಿ ಆನ್ ಮಾಡಿ. ಡ್ರೈವ್ ಸಿಕ್ಕಿಸಿದ್ದಷ್ಟು ಹೊತ್ತು ಗಂಟೆಗೊಮ್ಮೆ ಬದಲಾದ ಫೈಲುಗಳ ಆವೃತ್ತಿ ಉಳಿಸುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್‌ನಂಥ ಫೋಲ್ಡರ್‌ಗಳನ್ನಷ್ಟೇ ಅದು ತಾನಾಗಿ ನೋಡಿಕೊಳ್ಳುವುದರಿಂದ ಡಿಯಲ್ಲಿರುವ ಫೋಟೊಗಳನ್ನು ಲೈಬ್ರರಿಗೆ ನೀವೇ ಸೇರಿಸಬೇಕು. ಮ್ಯಾಕ್‌ನಲ್ಲಿ ಟೈಮ್ ಮಷೀನ್ ಸಾಕು. ಲಿನಕ್ಸ್‌ನಲ್ಲಿ ಟೈಮ್‌ಶಿಫ್ಟ್ ಸಿಸ್ಟಮ್‌ಗಾಗಿ ಮಾಡಿದ್ದು, ಹೋಮ್ ಫೋಲ್ಡರನ್ನು ಮೊದಲ ಹೊಂದಿಕೆಯಲ್ಲಿ ಬಿಟ್ಟುಬಿಡುತ್ತದೆ; ನಿಮ್ಮ ಫೈಲುಗಳಿಗೆ ಡೇಜಾ ಡೂಪ್ ಬಳಸಿ.

ರೋಬೋಕಾಪಿ, ಆರ್‌ಸಿಂಕ್ ಎಂಬ ನಕಲಿಸುವ ಆದೇಶಗಳನ್ನು ಬಳಸುವವರು, ಮೂಲದಲ್ಲಿಲ್ಲದ್ದನ್ನು ಗುರಿಯಲ್ಲಿ ಅಳಿಸುವ ಮಿರರ್ ಮತ್ತು ಡಿಲೀಟ್ ಆಯ್ಕೆಗಳ ಬಗ್ಗೆ ಎಚ್ಚರವಾಗಿರಿ. ಮೂಲ ಮತ್ತು ಗುರಿ ಅದಲುಬದಲಾದರೆ ಖಾಲಿ ಡ್ರೈವಿನ ತದ್ರೂಪಾಗಿ ನಿಮ್ಮ ಫೋಟೊ ಫೋಲ್ಡರ್ ಖಾಲಿಯಾಗುತ್ತದೆ. ಮೊದಲ ಸಲ ಪಟ್ಟಿ ಮಾತ್ರ ತೋರಿಸುವ ಪರೀಕ್ಷಾ ಆಯ್ಕೆಯಲ್ಲಿ ನಡೆಸಿ, ಓದಿ, ಆಮೇಲೆ ಮುಂದುವರಿಯಿರಿ.

ಕೆಲಸ ಮುಗಿದ ಕೂಡಲೇ ಡ್ರೈವನ್ನು ಇಜೆಕ್ಟ್ ಮಾಡಿ ಕೇಬಲ್ ಕಿತ್ತಿಡಿ. ಸಿಕ್ಕಿಸಿಯೇ ಇರುವ ಡ್ರೈವ್ ರ‍್ಯಾನ್ಸಮ್‌ವೇರ್‌ಗೂ ಕೈಗೆಟಕುತ್ತದೆ. ವಿಂಡೋಸ್ 11ರಲ್ಲಿ ಡ್ರೈವ್ ಎನ್‌ಕ್ರಿಪ್ಷನ್ (ಕೀ ಇಲ್ಲದೆ ಓದಲಾಗದಂತೆ ಗೂಢಲಿಪಿಯಲ್ಲಿ ಬರೆಯುವುದು) ನಿಮಗೆ ಗೊತ್ತಿಲ್ಲದೆಯೇ ಆನ್ ಆಗಿರಬಹುದು. 48 ಅಂಕಿಗಳ ರಿಕವರಿ ಕೀ ಕಾಗದದ ಮೇಲೆ ಬರೆದಿಡಿ. ಮದರ್‌ಬೋರ್ಡ್ ಬದಲಾದ ದಿನ ಅದಿಲ್ಲದಿದ್ದರೆ ಡ್ರೈವ್ ಸುಸ್ಥಿತಿಯಲ್ಲಿದ್ದರೂ ತೆರೆಯುವುದಿಲ್ಲ.

ಹೊರಗಿನ ಪ್ರತಿಗೆ ಕ್ಲೌಡ್ ಬಯಸುವವರು ಅಪ್‌ಲೋಡ್ ವೇಗ ಲೆಕ್ಕಹಾಕಲಿ. ಸೆಕೆಂಡಿಗೆ 20 ಮೆಗಾಬಿಟ್‌ನಲ್ಲಿ 500 ಜಿಬಿ ಏರಿಸಲು ಬಿಡದೆ ನಡೆದರೂ ಸುಮಾರು 56 ಗಂಟೆ ಬೇಕು.

ಮೂರು ತಿಂಗಳಿಗೊಮ್ಮೆ ಹತ್ತಾರು ಫೈಲುಗಳನ್ನು ಬ್ಯಾಕಪ್‌ನಿಂದ ಬೇರೆ ಫೋಲ್ಡರಿಗೆ ಮರಳಿ ತಂದು ತೆರೆದು ನೋಡಿ. ಹೆಸರು ಕಂಡರೆ ಸಾಲದು, ಚಿತ್ರ ಮೂಡಬೇಕು, ವಿಡಿಯೊ ಓಡಬೇಕು.

ಕೆಡುವ ಸೂಚನೆಗಳು

ಡ್ರೈವಿನ ಆರೋಗ್ಯ ತೋರಿಸುವ ಸಾಫ್ಟ್‌ವೇರ್‌ಗಳಾದ ಕ್ರಿಸ್ಟಲ್ ಡಿಸ್ಕ್ ಇನ್ಫೊ ಅಥವಾ ಸ್ಮಾರ್ಟ್‌ಸಿಟಿಎಲ್‌ನಲ್ಲಿ ಹಾರ್ಡ್ ಡಿಸ್ಕಿನ 5, 197, 198ನೇ ಅಂಶಗಳನ್ನು (ಕೆಟ್ಟ ಜಾಗಗಳ ಎಣಿಕೆ) ಗಮನಿಸಿ. ಮೂಲ ಎಣಿಕೆ ಸೊನ್ನೆಯಿಂದ ಮೇಲೇರಿ ವಾರದಿಂದ ವಾರಕ್ಕೆ ಬೆಳೆಯುತ್ತಿದ್ದರೆ ಹೊಸ ಡ್ರೈವ್ ತನ್ನಿ. 199 ಒಂದೇ ಏರುತ್ತಿದ್ದರೆ ತಪ್ಪು ಹೆಚ್ಚಾಗಿ ಕೇಬಲ್‌ನದು, ಮೊದಲು ಅದನ್ನು ಬದಲಿಸಿ. ಎಸ್‌ಎಸ್‌ಡಿಗಳು ಎಷ್ಟೋ ಸಲ ಯಾವ ಸೂಚನೆಯನ್ನೂ ಕೊಡದೆ ಒಮ್ಮೆಲೇ ನಿಂತುಬಿಡುತ್ತವೆ. ಅಳಿಸಿದ ಫೈಲನ್ನು ಟ್ರಿಮ್ ಎಂಬ ಎಸ್‌ಎಸ್‌ಡಿ ವ್ಯವಸ್ಥೆ ಬೇಗನೆ ನಿಜವಾಗಿಯೂ ಒರೆಸಿಹಾಕುವುದರಿಂದ ರಿಕವರಿ ಸಾಫ್ಟ್‌ವೇರ್ ಕೂಡ ಅಲ್ಲಿ ಕೈಚೆಲ್ಲುತ್ತದೆ.

ಹಾರ್ಡ್ ಡಿಸ್ಕ್ ಟಕ್ ಟಕ್ ಎಂದು ಬಡಿಯತೊಡಗಿದರೆ ಕೂಡಲೇ ವಿದ್ಯುತ್ ನಿಲ್ಲಿಸಿ. ಓಡಿದಷ್ಟೂ ಹೆಡ್ ತಟ್ಟೆಯನ್ನು ಕೆರೆಯಬಹುದು. ಬ್ಯಾಕಪ್ ಇದ್ದರೆ ಆ ಡ್ರೈವನ್ನು ಬದಿಗಿಡಿ. ಇಲ್ಲದಿದ್ದು ಅದರಲ್ಲಿ ಅಮೂಲ್ಯವಾದದ್ದೇ ಇದ್ದರೆ ಮತ್ತೆ ಆನ್ ಮಾಡದೆ ನೇರವಾಗಿ ಡೇಟಾ ರಿಕವರಿ ಪ್ರಯೋಗಾಲಯಕ್ಕೆ ಕೊಡಿ. ಸದ್ದಿಲ್ಲದೆ ಬರೀ ಓದುವ ದೋಷ ಬರುತ್ತಿದ್ದರೆ ವಿಂಡೋಸ್‌ನ ದುರಸ್ತಿ ಆದೇಶ ಚೆಕ್‌ಡಿಸ್ಕ್ ಓಡಿಸಬೇಡಿ. ಡಿಡಿರೆಸ್ಕ್ಯೂ ಎಂಬ ಸಾಫ್ಟ್‌ವೇರ್‌ನಿಂದ ಇಡೀ ಡ್ರೈವನ್ನು ಇನ್ನೊಂದಕ್ಕೆ ನಕಲಿಸಿ, ದುರಸ್ತಿ ಏನಿದ್ದರೂ ಆ ನಕಲಿನ ಮೇಲೆ ಮಾಡಿ.