ಗಿರಣಿಯ ಮೋಟಾರ್ ಬದಲಿಸಲು ಸಾಲ ಕೇಳುವ ಮುನ್ನ

ಹುಬ್ಬಳ್ಳಿಯ ಗೋಕುಲ ರಸ್ತೆಯ ಸಣ್ಣ ಘಟಕವಾಗಲಿ, ಬ್ಯಾಡಗಿಯ ಖಾರದ ಪುಡಿ ಗಿರಣಿಯಾಗಲಿ, ಕರೆಂಟ್ ಉಳಿಸುವ ಯಂತ್ರಕ್ಕಾಗಿ ಸಾಲ ಬೇಕಾದಾಗ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಮಾರಾಟಗಾರರ ದರಪಟ್ಟಿಯನ್ನಲ್ಲ, ಹಿಂದಿನ 12 ತಿಂಗಳ ಹೆಸ್ಕಾಂ ಬಿಲ್ಲುಗಳನ್ನು. ಅವುಗಳಲ್ಲಿ ಬಳಸಿದ ಯೂನಿಟ್, ಮಂಜೂರಾದ ಲೋಡ್ (ನಿಮ್ಮ ಸಂಪರ್ಕಕ್ಕೆ ಹೆಸ್ಕಾಂ ಒಪ್ಪಿರುವ ಹೊರೆ), ಅದರ ಮೇಲೆ ಬೀಳುವ ನಿಗದಿತ ಶುಲ್ಕ ಮತ್ತು ಪವರ್ ಫ್ಯಾಕ್ಟರ್ (ಪಡೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಈ ನಾಲ್ಕನ್ನು ತಿಂಗಳವಾರು ಬರೆದುಕೊಳ್ಳಬೇಕು.

ಸಾಲವಿಲ್ಲದೆ ಮುಗಿಯುವ ಕೆಲಸಗಳನ್ನು ಮೊದಲೇ ಮುಗಿಸಿಬಿಡುವುದು ಒಳಿತು. ಪವರ್ ಫ್ಯಾಕ್ಟರ್ ಕುಸಿದು ಬಿಲ್ಲಿನಲ್ಲಿ ದಂಡ ಬೀಳುತ್ತಿದ್ದರೆ ಅದನ್ನು ಮೇಲೆತ್ತುವ, ಸರಿಯಾದ ಅಳತೆಯ ಕೆಪಾಸಿಟರ್ ಹಾಕಿಸಬೇಕು. ಸಡಿಲವಾದ ಬೆಲ್ಟ್ ಮತ್ತು ಸವೆದ ಬೇರಿಂಗ್‌ಗಳನ್ನು ಸರಿಪಡಿಸಬೇಕು. ಹಳೆಯ ಯಂತ್ರ ತೆಗೆದ ಮೇಲೂ ಮಂಜೂರಾದ ಲೋಡ್ ಹಾಗೆಯೇ ಉಳಿದಿದ್ದರೆ, ಅದನ್ನು ಇಳಿಸಲು ಹೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ಅರ್ಜಿ ಕೊಡಬಹುದು. ಮನೆಯ ಮೀಟರಿನಿಂದಲೇ ಗಿರಣಿ ನಡೆಸುವವರಿಗೆ ಒಂದು ಮಾತು: ಗೃಹಜ್ಯೋತಿ ಮನೆಬಳಕೆಗೆ ಮಾತ್ರ ಇರುವ ಯೋಜನೆ, ಮೇಲಾಗಿ ಉದ್ಯಮದ ಪ್ರತ್ಯೇಕ ಬಿಲ್ಲಿಲ್ಲದವರಿಗೆ ಬ್ಯಾಂಕಿನಲ್ಲಿ ತೋರಿಸಲು ಬಳಕೆಯ ದಾಖಲೆಯೇ ಇರುವುದಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಹಲವು ಸಲ ರಿವೈಂಡಿಂಗ್ ಆದ (ಸುಟ್ಟ ತಂತಿಸುರುಳಿ ತೆಗೆದು ಹೊಸದಾಗಿ ಸುತ್ತಿಸಿದ) 10 ಎಚ್‌ಪಿ ಮೋಟಾರಿನ ದಕ್ಷತೆ, ಅಂದರೆ ಎಳೆದ ಕರೆಂಟಿನಲ್ಲಿ ಕೆಲಸವಾಗಿ ಹೊರಬರುವ ಪಾಲು, ಶೇ 84 ಎಂದಿಟ್ಟುಕೊಳ್ಳಿ. ಅದೇ ಶಕ್ತಿಯ, ನಾಲ್ಕು ಪೋಲಿನ ಐಇ3 ಎಂಬ ಹೆಚ್ಚು ದಕ್ಷತೆಯ ದರ್ಜೆಯ ಮೋಟಾರಿನ ದಕ್ಷತೆ ಶೇ 90ರ ಆಸುಪಾಸಿನಲ್ಲಿರುತ್ತದೆ. ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು 0.6 ಯೂನಿಟ್ ಉಳಿಯುತ್ತದೆ. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ಓಡಿದರೆ ಸುಮಾರು 1,440 ಯೂನಿಟ್ ಆಗುತ್ತದೆ. ಯೂನಿಟ್‌ಗೆ 7 ರೂಪಾಯಿ ಹಿಡಿದರೆ ತಿಂಗಳಿಗೆ 840 ರೂಪಾಯಿ. ಹೊಸ ಮೋಟಾರಿಗೆ 45,000 ರೂಪಾಯಿ ಬಿದ್ದು, ಅದನ್ನು ಶೇ 11ರ ಬಡ್ಡಿಗೆ 3 ವರ್ಷದ ಸಾಲವಾಗಿ ಪಡೆದರೆ ತಿಂಗಳ ಕಂತು ಸುಮಾರು 1,470 ರೂಪಾಯಿ ಆಗುತ್ತದೆ. ಅಂದರೆ ಒಂದೇ ಪಾಳಿಯ ಗಿರಣಿಯಲ್ಲಿ ಉಳಿತಾಯದಿಂದ ಕಂತು ತೀರುವುದಿಲ್ಲ; ಎರಡು ಪಾಳಿ ಓಡಿದರೆ ಉಳಿತಾಯ 1,680ಕ್ಕೆ ಏರಿ ಕಂತನ್ನು ಮೀರುತ್ತದೆ. ಆದ್ದರಿಂದ ಒಂದೇ ಪಾಳಿಯವರು ಚೆನ್ನಾಗಿ ಓಡುತ್ತಿರುವ ಮೋಟಾರನ್ನು ಕಿತ್ತೊಗೆಯುವ ಬದಲು, ಅದು ಸುಟ್ಟಾಗ ಮತ್ತೆ ರಿವೈಂಡಿಂಗ್ ಮಾಡಿಸದೆ ಹೊಸದನ್ನು ತರುವುದೇ ಲೇಸು. ಮೆಣಸಿನಕಾಯಿಯ ಹಂಗಾಮಿನಲ್ಲಷ್ಟೇ ಬಿಡುವಿಲ್ಲದೆ ಓಡುವ ಗಿರಣಿಯವರು 300 ದಿನದ ಲೆಕ್ಕವನ್ನು ನಂಬದೆ, ತಮ್ಮ ಬಿಲ್ಲುಗಳಲ್ಲಿ ಕಾಣುವ ನಿಜವಾದ ಬಳಕೆಯನ್ನೇ ಆಧಾರವಾಗಿಟ್ಟುಕೊಳ್ಳಬೇಕು ಮತ್ತು ಕಂತುಗಳನ್ನು ಹಂಗಾಮಿಗೆ ಹೊಂದಿಸಿಕೊಡುವಂತೆ ಅರ್ಜಿಯಲ್ಲೇ ಕೇಳಬೇಕು.

ಲೆಕ್ಕ ಕೂಡಿಬಂದರೆ ಸಣ್ಣ ಉದ್ಯಮಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. ಅದು ಆಧಾರ್ ಮೇಲೆ ಉಚಿತವಾಗಿ ಆಗುತ್ತದೆ. ಹಣ ಕೇಳುವ ಮಧ್ಯವರ್ತಿಗಳ ಅಗತ್ಯವಿಲ್ಲ. ಮುದ್ರಾ ಯೋಜನೆಯಲ್ಲಿ 50,000 ರೂಪಾಯಿವರೆಗಿನದು ಶಿಶು, 5 ಲಕ್ಷದವರೆಗಿನದು ಕಿಶೋರ, 10 ಲಕ್ಷದವರೆಗಿನದು ತರುಣ ಸಾಲ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಕೊಡುವ 10 ಲಕ್ಷದವರೆಗಿನ ಸಾಲಕ್ಕೆ ಆಸ್ತಿಯ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿದೆ. ಮನೆಯ ಉತಾರ ತನ್ನಿ ಎಂದರೆ ಈ ಸೂಚನೆಯನ್ನು ವಿನಯದಿಂದ ನೆನಪಿಸಿ. ಧಾರವಾಡದಲ್ಲಿ ಕೇಂದ್ರ ಕಚೇರಿ ಹೊಂದಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿಹೋಗಿರುವುದರಿಂದ ಅಲ್ಲಿಯ ಗ್ರಾಹಕರು ಹೊಸ ಹೆಸರಿನಲ್ಲೇ ಅರ್ಜಿ ಬರೆಯಬೇಕು.

ಅರ್ಜಿಯ ಜೊತೆಗೆ ಬಿಲ್ಲುಗಳ ಪ್ರತಿ, ಹಳೆಯ ಮೋಟಾರಿನ ನಾಮಫಲಕದ ಚಿತ್ರ, ಎರಡು ಕಡೆಯ ದರಪಟ್ಟಿ ಮತ್ತು ಮೇಲಿನ ರೀತಿಯ ಲೆಕ್ಕದ ಒಂದು ಪುಟವನ್ನು ಇಡಬೇಕು. ಎರಕದ ಮನೆ ಅಥವಾ ಆಹಾರ ಸಂಸ್ಕರಣೆಯಂತಹ ದೊಡ್ಡ ಹೂಡಿಕೆಯ ಘಟಕಗಳು ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2025ರಲ್ಲಿ ಆರಂಭಿಸಿದ ಅಡೀಟಿ (ADEETIE) ಯೋಜನೆಯನ್ನು ವಿಚಾರಿಸಬಹುದು. ಅದರಡಿ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಬಡ್ಡಿ ದರದಲ್ಲಿ ಶೇಕಡಾ 5 ಅಂಶಗಳಷ್ಟು ರಿಯಾಯಿತಿ ಇದ್ದು, ಇಂಧನ ಲೆಕ್ಕಪರಿಶೋಧನೆ ಮಾಡಿಸಿದ ನಂತರವೇ ಯಂತ್ರದ ಆಯ್ಕೆಯಾಗಬೇಕು. ಮುಂಗಡ ಕೊಟ್ಟು ಯಂತ್ರ ತಂದ ಮೇಲೆ ಯೋಜನೆಗಳನ್ನು ಹುಡುಕಿಕೊಂಡು ಹೋಗಬಾರದು.